ಗೋಡೆಯಾಚೆಯ ಹುಳಿ ಗಡಿಗೆ

ಬಂಡೆಪ್ಪ ಸೊಕ್ಕಿನ ಮನುಷ್ಯ. ತಾನು ಆಡಿದ ಮಾತು ತಪ್ಪೆಂದು ಗೊತ್ತಾದ ಮೇಲೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವವನಲ್ಲ. ಮನೆಯಲ್ಲಿ ಇನ್ನೊಬ್ಬರಿಗೂ ಬೇಕುಬೇಡಗಳಿವೆ ಎಂಬುದು ಅವನಿಗೆ ಎಂದೂ ಹೊಳೆದದ್ದಿಲ್ಲ. ಮೂವತ್ತೊಂದು ವರ್ಷ ಜೊತೆಗೆ ಬಾಳಿ ಅವನ ಹೆಂಡತಿ ಸುಂದರಬಾಯಿ ಮುಟ್ಟಿದ ತೀರ್ಮಾನ ಇದು. ಇದನ್ನವಳು ಅಳುತ್ತ ಹೇಳುತ್ತಿರಲಿಲ್ಲ. ನಮ್ಮ ಬೋರಿನ ನೀರು ಉಪ್ಪು ಎನ್ನುವ ಹಾಗೆ ಹೇಳುತ್ತಿದ್ದಳು.

ಬಸವಕಲ್ಯಾಣದಲ್ಲಿ ಕೋಟೆಯ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಬಂಡೆಪ್ಪ ಮದುವೆ ಅಡುಗೆಯವನು. ಮಂಠಾಳದಲ್ಲಿ ಕೂಲಿಯವರ ಮಗನಾಗಿ ಹುಟ್ಟಿ, ಮಂದಿಯ ಹೊಲದಲ್ಲಿ ಕಳೆ ಕಿತ್ತು, ಹದಿನೆಂಟಕ್ಕೆ ದೊಡ್ಡ ಅಡುಗೆಯವರ ಕೈಕೆಳಗೆ ಉಳ್ಳಾಗಡ್ಡಿ ಹೆಚ್ಚಿ, ಮೂವತ್ತಕ್ಕೆ ಸಾವಿರ ಮಂದಿಯ ಊಟ ಒಬ್ಬನೇ ನಿಂತು ನಡೆಸುವಷ್ಟಾದ. ಅವನು ಅಡುಗೆಗೆ ನಿಂತ ಮದುವೆಯಲ್ಲಿ ಒಂದು ಪಂಗತಿಯೂ ಅರೆಹೊಟ್ಟೆಯಲ್ಲಿ ಎದ್ದದ್ದಿಲ್ಲ ಎಂಬುದು ತಾಲೂಕಿಗೆಲ್ಲ ಗೊತ್ತಿದ್ದ ಮಾತು.

ಸುಂದರಬಾಯಿಯ ತವರು ಕೊಡಂಬಲ. ಮದುವೆಯಾಗಿ ಬರುವಾಗ ತಾಯಿ ತನ್ನ ಗಡಿಗೆಯಿಂದ ಒಂದು ಹಿಡಿ ಹುಳಿ ಹಿಟ್ಟು ತೆಗೆದು ಹೊಸ ಗಡಿಗೆಗೆ ಹಾಕಿ ಕಳಿಸಿದ್ದಳು. ಅಂಬಲಿಗೆ ಅದೇ ಮೂಲ. ದಿನಾ ಸಂಜೆ ಒಂದು ಹಿಡಿ ಜೋಳದ ಹಿಟ್ಟು, ಒಂದಿಷ್ಟು ನೀರು ಹಾಕಿ ಕಲಸಿಡಬೇಕು. ಬೆಳಿಗ್ಗೆ ಬೇಕಾದಷ್ಟು ತೆಗೆದು ಕುದಿಸಿ, ಆರಿದ ಮೇಲೆ ಮಜ್ಜಿಗೆಯನ್ನೂ ಜಜ್ಜಿದ ಬೆಳ್ಳುಳ್ಳಿಯನ್ನೂ ಬೆರೆಸಬೇಕು. ತಳದಲ್ಲಿ ಸ್ವಲ್ಪ ಉಳಿಸಬೇಕು. ಮರುದಿನದ ಹುಳಿ ಅದರಿಂದಲೇ. ಬೇಸಿಗೆಯಲ್ಲಿ ಎರಡು ದಿನ ಮರೆತರೆ ಗಡಿಗೆ ಕೆಟ್ಟಿತು, ಅದರ ವಂಶ ಮುಗಿಯಿತು.

ಇಪ್ಪತ್ತೆರಡು ವರ್ಷದ ಹಿಂದೆ ಹುಮನಾಬಾದಿನ ಬಟ್ಟೆ ವ್ಯಾಪಾರಿಯೊಬ್ಬ ಮಗಳ ಮದುವೆಯ ಅಡುಗೆ ಮಾತಾಡಲು ಮನೆಗೆ ಬಂದ. ಹೊಸಿಲಲ್ಲೇ ಅಂಬಲಿಯ ಹುಳಿ ವಾಸನೆಗೆ ಮೂಗು ಮುರಿದು, "ಏನ್ ಬಂಡೆಪ್ಪ, ಇನ್ನಾ ಕೂಲಿ ಬಿಟ್ಟಿಲ್ಲೇನು?" ಎಂದು ನಕ್ಕ. ಮದುವೆ ಬೇರೆಯವರಿಗೆ ಹೋಯಿತು. ಅಂದು ಸಂಜೆ ಬಂಡೆಪ್ಪ ಗಡಿಗೆಯನ್ನು ಹಿತ್ತಲಿಗೆ ಒಯ್ದು ಬಂಡೆಗೆ ಅಪ್ಪಳಿಸಿದ.

"ಊರಿಗೆಲ್ಲ ಜಿಲೇಬಿ ತಿನಿಸಾವನ ಮನ್ಯಾಗ ಅಂಬಲಿ ನಾತ ಬರಬಾರ್ದು. ನನ್ನ ಇಜ್ಜತ್ ಹೋಗ್ತದ."

 ಅವನು ಒಳಗೆ ಹೋದ ಮೇಲೆ ಸುಂದರಬಾಯಿ ಒಡೆದ ಚೂರಿಗೆ ಅಂಟಿದ್ದ ಹಿಟ್ಟನ್ನು ಬೆರಳಿಂದ ಕೆರೆದು ವಾಟಿಗೆ ಹಾಕಿಕೊಂಡು, ಹಿತ್ತಲ ಗೋಡೆಯ ಸಂದಿಯಿಂದ ಪಕ್ಕದ ಮನೆಗೆ ದಾಟಿದಳು. ಅದು ಫಕ್ರುನ್ನೀಸಾಳ ಮನೆ. ವಯಸ್ಸಿನಲ್ಲಿ ಹಿರಿಯಳು, ಬಾಯಿಯಲ್ಲಿ ಜೋರು.

"ಆಪಾ, ಇದಕ್ಕ ನಿಮ್ಮ ಹಿಂದಿನ ಪಡಸಾಲ್ಯಾಗ ಜರಾ ಜಾಗ ಕೊಡ್ರಿ."

"ಇಡು ಬಾ. ಮನ್ಯಾಗ ಎಂಟು ಮಂದಿ ಇದ್ದೀವಿ, ಇದು ಒಂಬತ್ತನೇದು. ಪಾಪ, ಬಿರಿಯಾನಿ ಅಂತೂ ಕೇಳಂಗಿಲ್ಲ."

ಅಂದಿನಿಂದ ಸುಂದರಬಾಯಿ ಸಂಜೆ ಕರಿಬೇವಿನ ನೆಪದಲ್ಲಿ ಹೋಗಿ ಹಿಟ್ಟು ಹಾಕುತ್ತಿದ್ದಳು, ಬೆಳಿಗ್ಗೆ ಅಲ್ಲೇ ಕುದಿಸಿ ಕುಡಿದು ಬರುತ್ತಿದ್ದಳು. ಗಂಡನಿಗೆ ಇದರ ಸುಳಿವಿಲ್ಲ ಎಂದು ನಂಬಿದ್ದಳು. ತನ್ನ ತಾಟಿನ ಆಚೆ ನೋಡದವನಿಗೆ ಗೋಡೆಯಾಚೆಯದು ಎಲ್ಲಿ ಕಾಣಬೇಕು?

ಈ ಸಲದ ಮಾಘದಲ್ಲಿ, ಕೊಹಿನೂರಿನ ಒಂದು ಮದುವೆಯಲ್ಲಿ, ಬೂಂದಿ ಕರಿಯುತ್ತಿದ್ದಾಗ ಬಂಡೆಪ್ಪನ ಎದೆ ಹಿಂಡಿತು. ಗ್ಯಾಸ್ ಎಂದುಕೊಂಡ. ಸೋಡಾ ಕುಡಿದ. ಬೆವರು ಇಳಿಯುತ್ತಿದ್ದರೂ ಕಡಾಯಿಯಲ್ಲಿದ್ದ ಬೂಂದಿ ಪೂರ್ತಿ ತೆಗೆದ ಮೇಲೆಯೇ ಕೂತ. ಹುಮನಾಬಾದಿನ ಆಸ್ಪತ್ರೆಯಲ್ಲಿ ಸೂಜಿ ಕೊಟ್ಟು ಕಲಬುರಗಿಗೆ ಕಳಿಸಿದರು. ಅಲ್ಲಿ ಸ್ಟೆಂಟ್ ಹಾಕಿದರು. ಆ ದಿನಗಳಲ್ಲಿ ಗಡಿಗೆಗೆ ಹಿಟ್ಟು ಹಾಕಿದವಳು ಫಕ್ರುನ್ನೀಸಾ.

ಮುಂದಿನ ತಪಾಸಣೆ ಹುಮನಾಬಾದಿನ ಡಾಕ್ಟರ್ ಮನೀಷಾಳಲ್ಲಿ. ಸಣ್ಣ ವಯಸ್ಸಿನವಳು. ರಿಪೋರ್ಟು ನೋಡಿ, "ಏನ್ ಉಣ್ತೀರಿ ಕಾಕಾ?" ಎಂದು ಕೇಳಿದಳು.

"ಬೆಳಿಗ್ಗಿ ಪೂರಿ, ಮಧ್ಯಾಹ್ನ ಅನ್ನ, ವಾರದಾಗ ನಾಕ್ ದಿನ ಮಟನ್. ದೇವರು ಕೊಟ್ಟಾನ, ಉಣ್ಣಾಕತ್ತೇನಿ."

"ಜ್ವಾಳದ ರೊಟ್ಟಿ, ಕಾಳು, ಪಲ್ಯ?"

"ಅದು ಕೂಲಿ ಮಂದಿ ಉಣ್ಣೋದ್ರಿ."

ಮನೀಷಾ ಪೆನ್ನು ಕೆಳಗಿಟ್ಟಳು. "ನಿಮ್ಮ ಕರುಳಿನ್ಯಾಗ ಕೋಟಿಗಟ್ಟಲೆ ಸಣ್ಣ ಜೀವಿ ಅವ. ನೀವು ಉಂಡಿದ್ದರಾಗ ಅವಕ್ಕೂ ಪಾಲು ಅದ. ಮ್ಯಾಲಿಂದ ಮ್ಯಾಲ ಮಟನ್ನೇ ಹಾಕಿದ್ರ ಕೆಲವು ಜೀವಿ ಅದರಿಂದ ಒಂದು ಪದಾರ್ಥ ಮಾಡ್ತಾವ. ಅದು ಲಿವರಿನ್ಯಾಗ ಬದಲಾಗಿ ರಕ್ತಕ್ಕ ಸೇರ್ತದ. ರಕ್ತದಾಗ ಅದು ಹೆಚ್ಚಿದ್ದವರಿಗೆ ಹಾರ್ಟಿನ ತ್ರಾಸ ಹೆಚ್ಚು ಅಂತ ಕಂಡದ. ರೊಟ್ಟಿ, ಕಾಳು, ಪಲ್ಯದಾಗ ನಾರು ಇರ್ತದ. ಅದನ್ನ ತಿನ್ನೋ ಜೀವಿ ಬ್ಯಾರೆ. ಅವು ಕರುಳಿನ ಗೋಡಿ ಕಾಯ್ತಾವ, ಒಳಗಿನ ಉರಿ ಕಡಿಮಿ ಮಾಡ್ತಾವ."

"ಅಂದ್ರ ನನ್ನ ಹೊಟ್ಟ್ಯಾಗ ಒಂದು ಮದುವಿ ಮಂದಿ ಕೂತದ ಅನ್ರಿ," ಎಂದು ಬಂಡೆಪ್ಪ ನಕ್ಕ.

"ಹೌದ್ರಿ. ಇಷ್ಟು ವರ್ಷ ಅರ್ಧ ಪಂಗತಿ ಉಪವಾಸ ಕೂಡ್ಸೀರಿ."

ಬಂಡೆಪ್ಪನ ನಗು ಅಲ್ಲಿಗೇ ನಿಂತಿತು. ಸುಂದರಬಾಯಿ ಸಮಯ ನೋಡಿ ಕೇಳಿದಳು: "ಅಂಬಲಿ ಕುಡದ್ರ ನಡೀತದೇನ್ರಿ?"

"ಛಲೋ ಆತು. ಮಜ್ಜಿಗಿ ತಾಜಾ ಇರ್ಲಿ, ಉಪ್ಪು ಕಮ್ಮಿ. ಆದ್ರ ಅದು ಔಷಧ ಅಲ್ಲ. ಒಂದು ಗುಳಗೀನೂ ಬಿಡಬ್ಯಾಡ್ರಿ. ಈ ಜೀವಿಗಳ ವಿಷಯ ನಮಗೂ ಇನ್ನಾ ಪೂರ್ತಿ ತಿಳಿದಿಲ್ಲ. ತಿಳಿದದ್ದು ಇಷ್ಟು: ಹಿಂಗೇ ಉಣಕೋತ ಹೋದ್ರ ಎರಡನೇ ಸಲ ಬರಬಹುದು. ಬಂದ್ರ ಹೋದ ಸಲದಂಗ ಉಳೀತೀರಿ ಅನ್ನೋ ಭರವಸೆ ನಾ ಕೊಡಂಗಿಲ್ಲ."

ಬಸ್ಸಿನಲ್ಲಿ ಬರುವಾಗ ಬಂಡೆಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. "ನಾ ಸತ್ರೂ ಅಂಬಲಿ ಮುಟ್ಟಂಗಿಲ್ಲ."

"ಸಾಯಾಕ ಅಂಬಲಿ ಯಾಕ ಬೇಕು? ಪೂರಿ ಸಾಕು," ಎಂದಳು ಸುಂದರಬಾಯಿ.

ಮನೆಯಲ್ಲಿ ಅವಳು ಪೂರಿ ನಿಲ್ಲಿಸಿದಳು, ರೊಟ್ಟಿ ಬಡಿದಳು. ಅವನು ಅರ್ಧ ರೊಟ್ಟಿ ಮುರಿದು ತಾಟು ಸರಿಸಿ, ಅಂಗಡಿಗೆ ಹೋಗಿ ಭಜಿ ತಿಂದು ಬರುತ್ತಿದ್ದ. ಹೀಗೆ ಎರಡು ತಿಂಗಳು. ಮಲಗಿದಾಗ ಅವನ ಉಸಿರು ಸ್ವಲ್ಪ ಏರುಪೇರಾದರೂ ಅವಳಿಗೆ ಎಚ್ಚರವಾಗುತ್ತಿತ್ತು. ಎದ್ದು ಕೂತು ಅವನ ಎದೆ ನೋಡುತ್ತಿದ್ದಳು. ಇದನ್ನು ಅವನಿಗೆ ಹೇಳಲಿಲ್ಲ. ಹೇಳಿದರೆ ಅದನ್ನೂ ಇಜ್ಜತ್ತಿನ ಪ್ರಶ್ನೆ ಮಾಡಿಕೊಳ್ಳುತ್ತಾನೆ ಎಂದುಕೊಂಡಳು.

ಯುಗಾದಿಯ ನಂತರ ಕೊಡಂಬಲದಲ್ಲಿ ತಾಯಿ ಜಾರಿಬಿದ್ದು ಕಾಲು ಮುರಿದುಕೊಂಡಳೆಂದು ಸುದ್ದಿ ಬಂತು. ಗಂಡನ ಗುಳಿಗೆಗಳನ್ನು ದಿನಕ್ಕೊಂದು ಪೊಟ್ಟಣ ಕಟ್ಟಿಟ್ಟು, ಗಡಿಗೆಯನ್ನು ಫಕ್ರುನ್ನೀಸಾಳಿಗೆ ಒಪ್ಪಿಸಿ ಸುಂದರಬಾಯಿ ಹೋದಳು. ನಾಲ್ಕನೆಯ ದಿನ ಫಕ್ರುನ್ನೀಸಾಳ ಫೋನು ಬಂತು, ಮಾತಾಡುತ್ತಿದ್ದದ್ದು ಹುಮನಾಬಾದಿನಿಂದ.

"ಮಾಫ್ ಮಾಡು ಸುಂದ್ರಾ. ನೀ ಹೋದ ದಿನಾನೇ ಮಗಳಿಗೆ ಬ್ಯಾನಿ ಸುರುವಾತು. ಮನಿಗೆ ಕೀಲಿ ಹಾಕಿ ಎಲ್ಲಾರೂ ಓಡಿ ಬಂದೀವಿ. ಮೊಮ್ಮಗಳು ಹುಟ್ಯಾಳ. ನಿನ್ನ ಗಡಿಗಿ ಈಗ ನೆನಪಾತು."

"ಕೂಸು ಆರಾಮ ಅದ ಇಲ್ರಿ? ಅಷ್ಟು ಸಾಕು," ಎಂದು ಸುಂದರಬಾಯಿ ಫೋನಿಟ್ಟಳು. ಆದರೆ ಆ ಬಿಸಿಲಿಗೆ ನಾಲ್ಕು ದಿನ. ತಾಯಿಯ ಗಡಿಗೆಯನ್ನಾದರೂ ನೋಡೋಣವೆಂದರೆ, ಅತ್ತಿಗೆ ಅದನ್ನು ಎಂದೋ ಬಿಟ್ಟಿದ್ದಳು.

ತಾಯಿಯನ್ನು ಅತ್ತಿಗೆಗೆ ಒಪ್ಪಿಸಿ, ಮರುದಿನ ಬೆಳಿಗ್ಗೆ ಬಸ್ಸಿಳಿದವಳು ಚೀಲ ಹಿಡಿದೇ ಹಿತ್ತಲಿಗೆ ಹೋಗಿ ಸಂದಿ ದಾಟಿದಳು. ಹುಳ ಬಿದ್ದಿದ್ದರೆ ತೊಳೆದಿಟ್ಟು ಹೋಗೋಣ, ಆಪಾಳ ಪಡಸಾಲೆ ನಾರಬಾರದು ಎಂಬುದಷ್ಟೇ ಯೋಚನೆ. ಬಾಗಿಲಿಲ್ಲದ ಆ ಪಡಸಾಲೆಯಲ್ಲಿ ಗಡಿಗೆಯ ಬಾಯಿಗೆ ಒಗೆದ ಬಿಳಿ ಅರಿವೆ ಕಟ್ಟಿತ್ತು. ಬಿಚ್ಚಿದಳು. ಸಣ್ಣ ಸಣ್ಣ ಗುಳ್ಳೆ. ಚೊಕ್ಕ ಹುಳಿ ವಾಸನೆ. ಅಂಚಿಗೆ ಹಸಿ ಹಿಟ್ಟು ಮೆತ್ತಿತ್ತು.

"ಇವರ ಮನಿಗೆ ಕೀಲಿ ನೋಡಿ ದಿನಾ ಸಂಜಿ ನಾನೇ ಹಾಕೇನಿ. ಒಂದೇ ಹಿಡಿ."

ಸಂದಿಯಲ್ಲಿ ಬಂಡೆಪ್ಪ ನಿಂತಿದ್ದ.

"ನಿಮಗ ಹ್ಯಾಂಗ ಗೊತ್ತು ಇದು ಇಲ್ಲಿ ಅದ ಅಂತ?"

"ಇದು ಅಡಗಿ ಮಾಡಾವನ ಮೂಗು. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗಿ ನಿನ್ನ ಬಾಯಿಂದ ಬೆಳ್ಳುಳ್ಳಿ ಅಂಬಲಿ ವಾಸನಿ ಬರ್ತದ. ತಿಳೀಲಿಕ್ಕೆ ನಾ ಏನ್ ಕಲ್ಲೇನು?"

"ಮತ್ತ ಇಷ್ಟು ವರ್ಷ ಯಾಕ ಸುಮ್ಮನಿದ್ರಿ?"

 ಬಂಡೆಪ್ಪ ಹತ್ತಿರ ಬಂದು ಬಗ್ಗಿ ಅರಿವೆಯನ್ನು ಮತ್ತೆ ಬಿಗಿದ. "ನಾಕು ದಿನ ಕುಡದೇನಿ. ಮಜ್ಜಿಗಿ ಎಷ್ಟು ಹಾಕಿದ್ರೂ ನಿಮ್ಮವ್ವನ ಕೈರುಚಿ ಬರವಲ್ದು. ನೀನೇ ಮಾಡು," ಎಂದು ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಆನಿಸಿಕೊಂಡ.

ಅವಳು ಗೋಡೆಯ ಸಂದಿಯಲ್ಲಿ ದಾರಿ ಬಿಟ್ಟು ನಿಂತಳು. ಅವನು ಆ ಕಡೆ ತಿರುಗಲಿಲ್ಲ. ಫಕ್ರುನ್ನೀಸಾಳ ಮನೆಯ ಪಕ್ಕದ ಓಣಿಯಿಂದ ಗಲ್ಲಿಗೇ ಇಳಿದ. ಮೂಲೆಯ ಕಿರಾಣಿ ಅಂಗಡಿಯ ಚನ್ನಬಸಪ್ಪ ಕಟ್ಟೆಯ ಮೇಲಿನಿಂದ ಕೇಳಿದ: "ಏನ್ ಬಂಡೆಪ್ಪ, ಗಡಿಗ್ಯಾಗ ಏನ್ ಒಯ್ಯಾಕತ್ತಿ?"

"ಅಂಬಲಿ ಹುಳಿ," ಎಂದ ಬಂಡೆಪ್ಪ, ಗಲ್ಲಿಗೆಲ್ಲ ಕೇಳುವ ಹಾಗೆ. "ನಮ್ಮ ಮನೀದು."