ಮೇಲಿನ ತಟ್ಟಿನ ಹಾಲು

ಲೋಲಾಕ್ಷಿಗೆ ಈಗ ತನ್ನ ಎದೆಯ ಸದ್ದೇ ಭಯ. ಅಂಗಳ ಗುಡಿಸಿ ಸೊಂಟ ನೆಟ್ಟಗೆ ಮಾಡಿದರೂ ಸಾಕು, ಯಾರೋ ಅವಸರದಲ್ಲಿ ಬಾಗಿಲು ಬಡಿದ ಹಾಗೆ ಅದು ಬಡಿಯತೊಡಗುತ್ತದೆ. ಕಾಲು ನೀರಾಗುತ್ತದೆ. ಚರ್ಮದ ಒಳಗೆಲ್ಲೋ ಸಣ್ಣ ನಡುಕ, ಹೊರಗಿನಿಂದ ನೋಡಿದವರಿಗೆ ಕಾಣದ್ದು.

ಪೆರಾಬೆಯಿಂದ ಐವರ್ನಾಡಿಗೆ ಮದುವೆಯಾಗಿ ಬಂದ ವರ್ಷವೇ ಅವಳು ರಬ್ಬರ್ ಟ್ಯಾಪಿಂಗ್, ಅಂದರೆ ಮರದ ತೊಗಟೆ ಕೆತ್ತಿ ಹಾಲು ಇಳಿಸುವ ಕೆಲಸ, ಕಲಿತಿದ್ದಳು. ಬೆಳಕು ಹರಿಯುವ ಮೊದಲೇ ಹಣೆಗೆ ಲೈಟು ಕಟ್ಟಿಕೊಂಡು ಗುಡ್ಡ ಹತ್ತಿದರೆ, ಗಂಡ ಉದಯ ಚಹಾ ಕುಡಿದು ಬರುವಷ್ಟರಲ್ಲಿ ಅರ್ಧ ತೋಟದ ತೊಗಟೆ ಕೆತ್ತಿ ಆಗಿರುತ್ತಿತ್ತು. ಗರ್ಭಕೋಶದ ಆಪರೇಷನ್ ಆದ ಮೇಲೆ ನಿದ್ರೆ ಬರದಾಯಿತು. ಯಾರೋ ಡಾಕ್ಟರು ಒಂದು ತಿಂಗಳಿಗೆಂದು ಬರೆದುಕೊಟ್ಟ ಮಾತ್ರೆ ಏಳೆಂಟು ವರ್ಷ ಜೊತೆಗೇ ಉಳಿಯಿತು. ಒಮ್ಮೆ ಹಟ ಹಿಡಿದು ಒಂದೇ ಸಲಕ್ಕೆ ನಿಲ್ಲಿಸಿ, ಮೈಯೆಲ್ಲ ನಡುಗಿ ಆಸ್ಪತ್ರೆ ಸೇರಿದಳು. ಆಮೇಲೆ ದರ್ಬೆಯ ಡಾಕ್ಟರಮ್ಮ ಮಾತ್ರೆಯನ್ನು ಚೂರು ಚೂರೇ ಕಡಿಮೆ ಮಾಡುತ್ತ ಬಿಡಿಸಿದರು. ಬಿಟ್ಟು ವರ್ಷ ದಾಟಿತು. ನಿದ್ರೆ ತಿರುಗಿ ಬಂತು, ಶಕ್ತಿ ಬರಲಿಲ್ಲ.

ಹೃದಯದ ಪರೀಕ್ಷೆಗಳಲ್ಲಿ ದೋಷವೇನೂ ಕಾಣಲಿಲ್ಲ. ನರಗಳು ಇನ್ನೂ ಸುಧಾರಿಸುತ್ತಿವೆ, ಕೆಲವರಿಗೆ ತುಂಬ ಕಾಲ ಹಿಡಿಯುತ್ತದೆ, ಇನ್ನೂ ಮಾಡಬಲ್ಲೆ ಅನಿಸುವಾಗಲೇ ಕೆಲಸ ನಿಲ್ಲಿಸಿ ಎಂದಿದ್ದರು ಡಾಕ್ಟರಮ್ಮ. ಹಾಗಾಗಿ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದ ತಟ್ಟುಗಳಲ್ಲಿ ಕೆಳಗಿನ ಎರಡು ಅವಳಿಗೆ, ಮೇಲಿನದೆಲ್ಲ ಉದಯನಿಗೆ ಎಂದಾಯಿತು. ನೆರೆಮನೆಯ ದೇರಣ್ಣನಿಗೆ ಇದು ತಮಾಷೆ.

“ಎಂತ ಲೋಲಾಕ್ಷಿ, ಇಷ್ಟು ಬೇಗ ರಿಟೈರ್ಡಾ? ಒಂದು ವಾರ ಸರೀ ಬೆವರಿಳಿಸು ಮಾರಾಯ್ತಿ, ಮಾತ್ರೆಯ ವಿಷ ಎಲ್ಲ ಹೊರಗೆ ಹೋಗ್ತದೆ.”

ಅವಳು ನಕ್ಕಳು. ದೇರಣ್ಣನ ಮಾತು ಮಾತ್ರ ಒಳಗೆ ಉಳಿಯಿತು.

ಒಂದು ದಿನ ಉದಯ ಬೆಳಿಗ್ಗೆಯೇ ಸುಳ್ಯಕ್ಕೆ ಹೋಗಿದ್ದ, ಬಂದು ಮೇಲಿನ ಮರಗಳನ್ನು ನೋಡುವೆನೆಂದಿದ್ದ. ಮಂಜು ಇತ್ತು. ಎಷ್ಟೋ ಕಾಲದ ಮೇಲೆ ಮೈ ಹಗುರ ಅನಿಸಿತು. ಕೆಳಗಿನ ಎರಡು ತಟ್ಟು ಮುಗಿದರೂ ಉಸಿರು ಹದವಾಗಿಯೇ ಇತ್ತು. ದೇರಣ್ಣ ಮಾವ ಹೇಳಿದ್ದೇ ನಿಜವೇನೋ ಎಂದುಕೊಂಡು ಮೂರನೆಯದಕ್ಕೆ ಹತ್ತಿದಳು. ಚೂರಿ ತಾನಾಗಿ ಓಡಿತು. ಬಿಳಿಯ ಹಾಲು ಗೀರಿನಗುಂಟ ಇಳಿದು ಮರಕ್ಕೆ ಕಟ್ಟಿದ ತೆಂಗಿನ ಚಿಪ್ಪಿಗೆ ಬೀಳುವುದನ್ನು ನೋಡುತ್ತ ನೋಡುತ್ತ ತುದಿಯವರೆಗೂ ಕೆತ್ತಿಬಿಟ್ಟಳು.

ಕೆತ್ತಿದ ಮರವೆಂದರೆ ಮತ್ತೊಮ್ಮೆ ಬಕೆಟ್ ಹಿಡಿದು ಹೋಗಬೇಕಾದ ಮರ. ಹಾಲು ಹೆಪ್ಪುಗಟ್ಟುವ ಮೊದಲು ಪ್ರತಿ ಚಿಪ್ಪನ್ನೂ ಬರಿದು ಮಾಡಬೇಕು. ಅದು ಅವಳಿಗೆ ಗೊತ್ತಿಲ್ಲದ್ದಲ್ಲ. ಹಳೆಯ ಲೋಲಾಕ್ಷಿಯ ಮೈಯನ್ನು ನಂಬಿ ಕೆತ್ತಿದ್ದಳು, ಅಷ್ಟೆ.

ಹಾಲು ಒಟ್ಟುಮಾಡುತ್ತ ಮೂರನೆಯ ತಟ್ಟಿಗೆ ಬಂದು ಬಕೆಟ್ ಅರ್ಧ ತುಂಬಿದಾಗ ಎದೆ ಕೈ ಕೊಟ್ಟಿತು. ಕಣ್ಣ ಬದಿಗಳು ಕಪ್ಪಾದವು. ಮರ ಹಿಡಿದುಕೊಂಡೇ ಕುಸಿದು ಕುಳಿತಳು. ಬಡಿತ ಗಂಟಲಿಗೆ ಬಂತು, ಕಿವಿಗೆ ಬಂತು. ಕೂಗಿದರೆ ಕೇಳುವಷ್ಟು ಹತ್ತಿರ ಯಾರೂ ಇಲ್ಲ. ಇಲ್ಲೇ ಮುಗಿಯುತ್ತದೆ ಅನಿಸಿತು. ಅದಕ್ಕಿಂತ ಹೆದರಿಕೆಯ ಇನ್ನೊಂದು ಬಂತು: ಮಾತ್ರೆಯ ಕಹಿ ನಾಲಗೆಗೆ ನೆನಪಾಯಿತು. ಅದು ಕರಗಿದ ಮೇಲೆ ಒಳಗೆಲ್ಲ ಬಟ್ಟೆ ಹೊದೆಸಿದ ಹಾಗೆ ಆಗುತ್ತಿದ್ದದ್ದು ನೆನಪಾಯಿತು. ಮೈ ಅದನ್ನೇ ಬೇಡಿತು.

ಸುಳ್ಯದಿಂದ ಮರಳಿದ ಉದಯ, ಅವಳು ಕೆಳಗೆಲ್ಲೂ ಕಾಣದೆ, ಏದುಸಿರು ಬಿಡುತ್ತ ಹತ್ತಿ ಬಂದ. ಅವಳ ಮುಖ ನೋಡಿದವನೇ ಅಂಗಿಯ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಬಿಡಿಸಿದ. ಒಳಗೆ ಅದೇ ಮಾತ್ರೆ. ಉಳಿದದ್ದನ್ನೆಲ್ಲ ಅವನು ಡಾಕ್ಟರಮ್ಮನಿಗೆ ಒಪ್ಪಿಸಿ ಬಂದನೆಂದೇ ಅವಳು ನಂಬಿದ್ದಳು.

“ಇವತ್ತೊಂದಕ್ಕೆ ತಕೊ. ಡಾಕ್ಟರಮ್ಮನಿಗೆ ನಾನು ಹೇಳ್ತೇನೆ. ನನಗೆ ಹೆದರಿಕೆ ಆಗ್ತದೆ.”

ಅವನು ಕಾಗದವನ್ನು ಅವಳ ಮುಂದೆ ಹಿಡಿದ. ವರ್ಷವಿಡೀ ಈ ಹೆದರಿಕೆಯನ್ನು ಜೇಬಿನಲ್ಲಿಟ್ಟುಕೊಂಡೇ ಅವನು ತಿರುಗಿದ್ದಾನೆ ಎಂದು ಅವಳಿಗೆ ಆಗ ತಿಳಿಯಿತು. ಅವಳ ಕೈ ಮುಂದೆ ಹೋಯಿತು. ಮಾತ್ರೆ ಅಂಗೈಗೆ ಬಂತು. ಅಷ್ಟು ಸಣ್ಣದು.

“ತಿಂದ್ರೆ ಈಗ ಸಮ ಆಗ್ತದೆ, ನನಗೆ ಗೊತ್ತುಂಟು,” ಅವಳು ತಡೆದು ತಡೆದು ಅಂದಳು. “ಅದಕ್ಕೇ ನನಗೆ ಹೆದರಿಕೆ. ವಾಪಸ್ ತಕೊಳ್ಳಿ ಇದನ್ನು. ನೀವು ಇಲ್ಲಿ ಕೂತ್ಕೊಳ್ಳಿ.”

“ಹಾಲು?”

“ಕಟ್ಟಿ ಹೋಗ್ಲಿ.”

ಉದಯ ಮರಗಳ ಕಡೆ ನೋಡಿದ. ತುಂಬಿದ ಚಿಪ್ಪುಗಳನ್ನು ಬಿಟ್ಟು ಸುಮ್ಮನೆ ಕೂರುವುದು ಅವರಿಬ್ಬರ ಜೀವಮಾನದಲ್ಲಿ ಇರಲಿಲ್ಲ. ಅವನ ಕೈ ಬಕೆಟಿನವರೆಗೆ ಹೋಗಿ ನಿಂತಿತು. ಮಾತ್ರೆಯನ್ನು ಅವನು ಕಾಲಡಿಯ ಕಲ್ಲಿನ ಮೇಲೆ ಹಿಸುಕಿ ಪುಡಿ ಮಾಡಿದ, ತರಗೆಲೆಗಳ ಮೇಲೆ ಅವಳ ಪಕ್ಕ ಕುಳಿತ, ಬೆನ್ನಿಗೆ ಕೈಯಿಟ್ಟ. ಅಂಗೈಗೂ ಆ ಬಡಿತ ತಾಗುತ್ತಿತ್ತು.

ತುಂಬ ಹೊತ್ತಾಯಿತು. ಬಿಸಿಲು ನೆತ್ತಿಗೇರತೊಡಗಿತು. ಚಿಪ್ಪುಗಳಲ್ಲಿ ಹಾಲು ಒಂದೊಂದಾಗಿ ದಪ್ಪಗಾಗಿ, ಅಲುಗದ ಹಾಗೆ ನಿಂತಿತು.

“ಇನ್ನೂ ಬಡೀತಾ ಉಂಟಾ?” ಅವನು ಕೇಳಿದ.

“ಉಂಟು,” ಅಂದಳು ಅವಳು. ಉದಯ ಏಳಲಿಲ್ಲ.