ಅಕ್ಕನ ಕೆನ್ನೆಯ ಮಚ್ಚೆ

ಸ್ಟುಡಿಯೋದ ಬಾಗಿಲ ಮೇಲೆ ಏನೋ ಒಂದು ಹೆಸರಿತ್ತು. ಅದನ್ನು ಓದಿದವರು ಕಡಿಮೆ. ಇಡೀ ಬೀದಿ ಅದರ ಯಜಮಾನರನ್ನು ಕರೆಯುತ್ತಿದ್ದದ್ದು ‘ಅಲ್ಲಾಡಬೇಡಿ’ ಎಂದೇ. ಮೂವತ್ತೊಂದು ವರ್ಷಗಳಿಂದ ತಮ್ಮ ಮುಂದಿನ ಮರದ ಸ್ಟೂಲಿನ ಮೇಲೆ ಕೂತವರಿಗೆಲ್ಲ, ಕತ್ತು ನಿಲ್ಲದ ಕೂಸಿನಿಂದ ಹಿಡಿದು ಪಿಂಚಣಿ ಕಾಗದಕ್ಕೆ ಫೋಟೋ ಬೇಕಾದ ತೊಂಬತ್ತರ ಅಜ್ಜನವರೆಗೆ, ಅವರು ಹೇಳುತ್ತಿದ್ದದ್ದು ಅದೊಂದೇ ಮಾತು. ಆ ಅಜ್ಜ ಮಾತ್ರ, “ಅಲ್ಲಾಡದೇ ಇರೋ ಕಾಲ ಹತ್ರಾನೇ ಬಂತಪ್ಪ, ಇವತ್ತೊಂದಿನ ಅಲ್ಲಾಡ್ಕೋತೀನಿ ಬಿಡು” ಎಂದಿದ್ದರಂತೆ.

ಅಲ್ಲಾಡಬೇಡಿಯವರ ನಿಜವಾದ ಖ್ಯಾತಿ ಫೋಟೋ ತೆಗೆಯುವುದರಲ್ಲಿ ಇರಲಿಲ್ಲ, ತೆಗೆದ ಮೇಲೆ ತಿದ್ದುವುದರಲ್ಲಿತ್ತು. ನೆಗೆಟಿವಿನ ಕಾಲದಲ್ಲಿ ಎರಡೇ ಕೂದಲಿನ ಕುಂಚ, ಆಮೇಲೆ ಕಂಪ್ಯೂಟರಿನ ಮೌಸು. ಮೊಡವೆ, ಗಾಯದ ಕಲೆ, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕಪ್ಪು, ಏನಿದ್ದರೂ ಅವರ ಕೈ ತಾನಾಗಿ ಅಲ್ಲಿಗೆ ಹೋಗಿ ಒರೆಸಿ ಬರುತ್ತಿತ್ತು. ಗಿರಾಕಿ ಕೇಳಬೇಕಾಗಿರಲಿಲ್ಲ, ಹೇಳಿಸಿಕೊಳ್ಳುವುದು ಅವರಿಗೆ ಅವಮಾನವೂ ಆಗಿತ್ತು. ತಿದ್ದಿದ ಫೋಟೋ ಅಚ್ಚಾದ ಕೂಡಲೇ ತಿದ್ದದ ಮೂಲವನ್ನು ಅಳಿಸಿಬಿಡುತ್ತಿದ್ದರು. “ಒಳ್ಳೇ ಮುಖ ಕೈಗೆ ಬಂದ್ಮೇಲೆ ಕೆಟ್ಟದ್ದನ್ನ ಇಟ್ಕೊಂಡು ಏನು ಮಾಡೋದು? ಜಾಗ ದಂಡ” ಎನ್ನುತ್ತಿದ್ದರು. ಅವರ ಹೆಂಡತಿ ಕೌಂಟರಿನಲ್ಲಿ ಲಕೋಟೆಗೆ ಫೋಟೋ ತುಂಬುತ್ತಾ, “ನನ್ನ ಅದೃಷ್ಟ, ನನ್ನನ್ನ ಮೊದಲು ಕಣ್ಣಲ್ಲಿ ನೋಡಿ ಒಪ್ಪಿದ್ರಿ” ಎಂದು ಚುಚ್ಚುತ್ತಿದ್ದರು.

ಅವರಿಗೊಬ್ಬ ಅಕ್ಕ ಇದ್ದಳು, ಆರು ವರ್ಷಕ್ಕೆ ದೊಡ್ಡವಳು. ಗ್ರಂಥಾಲಯದಲ್ಲಿ ಕೆಲಸ. ಎಡಗೆನ್ನೆಯ ಮೇಲೆ, ಕಣ್ಣಿಗೆ ಎರಡು ಬೆರಳು ಕೆಳಗೆ, ಹುಣಿಸೆ ಬೀಜದಷ್ಟು ಅಗಲದ, ಅದೇ ಬಣ್ಣದ ಹುಟ್ಟುಮಚ್ಚೆ. ಅಲ್ಲಾಡಬೇಡಿಯವರು ಕಸುಬು ಕಲಿತು ಮೊಟ್ಟಮೊದಲು ಒರೆಸಿದ್ದೇ ಆ ಮಚ್ಚೆಯನ್ನು. ತಮ್ಮನ ಕೈಚಳಕ ಎಂದು ಮನೆಯವರೆಲ್ಲ ಹೊಗಳಿದರು. ಅಕ್ಕ ಫೋಟೋವನ್ನು ಬಹಳ ಹೊತ್ತು ನೋಡಿ, “ಚೆನ್ನಾಗಿದ್ದಾಳೆ ಕಣೋ” ಎಂದಿದ್ದಳು. ‘ಚೆನ್ನಾಗಿದ್ದೀನಿ’ ಎಂದಿರಲಿಲ್ಲ. ಅದು ತಮ್ಮನ ಕಿವಿಗೆ ಬಿದ್ದಿದ್ದರೂ ತಲೆಗೆ ಹೋಗಿರಲಿಲ್ಲ.

ಒಮ್ಮೆ ಗ್ರಂಥಾಲಯಕ್ಕೆ ಹೊಸ ಕಾವಲುಗಾರ ಬಂದು, ಅಕ್ಕನ ಗುರುತಿನ ಚೀಟಿಯನ್ನೂ ಮುಖವನ್ನೂ ನಾಲ್ಕು ಸಲ ಹೋಲಿಸಿ, “ಇದರಲ್ಲಿರೋರು ಬೇರೆ ಯಾರೋ” ಎಂದು ತಡೆದನಂತೆ. ಅಕ್ಕ ಹೇಳಿದಳಂತೆ: “ಅವಳು ನನ್ನ ತಮ್ಮನ ಅಕ್ಕ. ನಾನು ನಮ್ಮಮ್ಮನ ಮಗಳು. ಇಬ್ಬರನ್ನೂ ಒಳಗೆ ಬಿಡಪ್ಪ.” ಈ ಕತೆಯನ್ನು ಅಲ್ಲಾಡಬೇಡಿಯವರು ವರ್ಷಗಟ್ಟಲೆ ಗಿರಾಕಿಗಳಿಗೆ ಹೇಳಿ ನಕ್ಕಿದ್ದರು. ತಮ್ಮ ಕೆಲಸದ ಸೊಗಸಿಗೆ ಅದಕ್ಕಿಂತ ಒಳ್ಳೆಯ ಜಾಹೀರಾತು ಅವರಿಗೆ ಸಿಕ್ಕಿರಲಿಲ್ಲ.

ಅಕ್ಕ ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ, ಒಂದು ಸೋಮವಾರ, ಅವಳ ಮಗಳು ಸ್ಟುಡಿಯೋಕ್ಕೆ ಬಂದಳು. ಆಸ್ಪತ್ರೆಯಲ್ಲಿ ನರ್ಸು. ಬೇರೆ ಊರಿಗೆ ವರ್ಗವಾಗಿತ್ತು, ಭಾನುವಾರ ಹೊರಡುವವಳಿದ್ದಳು. ಕೈಚೀಲದಿಂದ ಹದಿನೆಂಟು ಫೋಟೋ ತೆಗೆದು, ಇಸ್ಪೀಟು ಹಂಚುವವರ ಹಾಗೆ ಕೌಂಟರಿನ ಮೇಲೆ ಹರಡಿದಳು.

“ಮಾಮ, ಇದರಲ್ಲಿ ಅಮ್ಮ ಎಲ್ಲಿದ್ದಾಳೆ ತೋರಿಸಿ.”

“ಎಲ್ಲದರಲ್ಲೂ ಇದ್ದಾಳಲ್ಲಮ್ಮ.”

“ಮಚ್ಚೆ ಎಲ್ಲಿ?”

ಅಲ್ಲಾಡಬೇಡಿಯವರು ಕನ್ನಡಕ ಏರಿಸಿಕೊಂಡು ಹದಿನೆಂಟನ್ನೂ ನೋಡಿದರು. ಹದಿನೆಂಟರಲ್ಲೂ ಕೆನ್ನೆ ತೊಳೆದಿಟ್ಟ ತಟ್ಟೆಯ ಹಾಗಿತ್ತು.

“ಚಿಕ್ಕವಳಿದ್ದಾಗ ಅದರ ಮೇಲೆ ಬೆರಳಿಟ್ಕೊಂಡೇ ನಾನು ನಿದ್ದೆ ಮಾಡ್ತಿದ್ದದ್ದು” ಎಂದಳು ಅವಳು. “ಹೊಸ ಮನೆ ಗೋಡೆಗೆ ಒಂದೇ ಒಂದು ಫೋಟೋ ಸಾಕು. ಇವನ್ನ ಹಾಕಿದ್ರೆ ಯಾರೋ ನೆಂಟರ ಮನೇಲಿ ಇದ್ದ ಹಾಗಿರುತ್ತೆ.”

“ನಿನ್ನ ಫೋನಲ್ಲಿ ಇರಬೇಕಲ್ಲ?”

ಅವಳು ಫೋನು ತೆಗೆದು ತೋರಿಸಿದಳು. ಅಡುಗೆಮನೆಯಲ್ಲಿ ಅಕ್ಕ, ಬಸ್ಸಿನಲ್ಲಿ ಅಕ್ಕ, ಗ್ರಂಥಾಲಯದ ಮೆಟ್ಟಿಲ ಮೇಲೆ ಅಕ್ಕ. ಎಲ್ಲದರಲ್ಲೂ ಎಡಗೈ ಕೆನ್ನೆಗೆ ಆನಿಸಿಕೊಂಡಿತ್ತು, ಹಲ್ಲುನೋವಿದ್ದವರ ಹಾಗೆ.

“ಫೋನು ಎತ್ತಿದ್ರೆ ಸಾಕು, ಅಂಗೈ ಹೋಗಿ ಮುಚ್ಚೋದು. ಅವಳಿಗೇ ಗೊತ್ತಾಗ್ತಿರಲಿಲ್ಲ. ಒಂದ್ಸಲ ಕೇಳಿದೆ. ‘ನನ್ನ ತಮ್ಮ ಪ್ರತಿ ಸಲ ತೆಗೆದುಹಾಕ್ತಾನಲ್ಲೇ, ಅಷ್ಟು ಕೆಟ್ಟದಾಗಿರಬೇಕು ಅದು’ ಅಂದ್ಲು.”

ಅಲ್ಲಾಡಬೇಡಿಯವರ ಹೆಂಡತಿ ತುಂಬುತ್ತಿದ್ದ ಲಕೋಟೆಯನ್ನು ಕೆಳಗಿಟ್ಟರು. ಗಂಡನನ್ನು ಚುಚ್ಚಲು ಸಿಕ್ಕ ಅವಕಾಶವನ್ನು ಅವರು ಕೈಬಿಟ್ಟದ್ದು ಅದೇ ಮೊದಲು.

ಮೂಲಗಳನ್ನೆಲ್ಲ ಅಳಿಸಿದ ಮನುಷ್ಯ ಈಗ ಮೂಲ ಹುಡುಕಲು ಕೂತರು. ಎರಡು ದಿನ ಹಳೆಯ ಹಾರ್ಡ್ ಡಿಸ್ಕುಗಳನ್ನು ಜಾಲಾಡಿದ ಮೇಲೆ ಒಂದರ ಮೂಲೆಯಲ್ಲಿ ಒಂದೇ ಒಂದು ಫೈಲು ಸಿಕ್ಕಿತು. ಏಳು ವರ್ಷದ ಹಿಂದಿನದು. ಹೊಸ ಕ್ಯಾಮೆರಾ ಬಂದ ದಿನ. ಅಕ್ಕ ತಮ್ಮನಿಗೆ ಊಟದ ಡಬ್ಬಿ ತಂದಿದ್ದಳು. “ಕೂತ್ಕೋ, ಪರೀಕ್ಷೆ ಮಾಡ್ತೀನಿ, ಅಲ್ಲಾಡಬೇಡ” ಎಂದು ಸ್ಟೂಲಿನ ಮೇಲೆ ಕೂರಿಸಿದ್ದರು. ಬಿಸಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರಿಂದ ಕೆನ್ನೆಗೆ ಕೈ ಹೋಗುವಂತಿರಲಿಲ್ಲ. ಗುಂಡಿ ಒತ್ತಿದರು, ಫ್ಲಾಷ್ ಬೆಳಗಲಿಲ್ಲ. “ಲೋ, ಲೈಟೇ ಬರ್ಲಿಲ್ವಲ್ಲೋ!” ಎಂದು ಅಕ್ಕ ಇನ್ನಷ್ಟು ನಕ್ಕಿದ್ದಳು. ಎರಡನೆಯ ಸಲ ಫ್ಲಾಷ್ ಬೆಳಗಿತು. ಅದನ್ನು ತಿದ್ದಿ, ಅಚ್ಚು ಹಾಕಿ, ಮೂಲ ಅಳಿಸಿದ್ದಾಯಿತು. ಮೊದಲನೆಯದು ಮಾತ್ರ ಕತ್ತಲೆಯ ಮುದ್ದೆ. ಸಾಲದ್ದಕ್ಕೆ ಕ್ಯಾಮೆರಾದ ಯಾವುದೋ ಗುಂಡಿ ತಪ್ಪಿ ಒತ್ತಿ ಅದು ರಾ ಫೈಲಾಗಿ ಕೂತಿತ್ತು. ತೆರೆಯಲು ಬರಲಿಲ್ಲ, ತೆರೆಯದೆ ಅಳಿಸಲು ಧೈರ್ಯ ಬರಲಿಲ್ಲ. ಅವರ ಕೈಗೆ ಸಿಗದೆ ಇದ್ದದ್ದರಿಂದಲೇ ಅದು ಉಳಿದಿತ್ತು.

ರಾ ಫೈಲೆಂದರೆ ಬೇಯಿಸದ ಸಾಮಾನು. ಕ್ಯಾಮೆರಾ ಕಂಡದ್ದನ್ನೆಲ್ಲ ಹಸಿಹಸಿಯಾಗಿ ತುಂಬಿಟ್ಟಿರುತ್ತದೆ. ಬೇಯಿಸಿ ಬಡಿಸುವುದು ಸಾಫ್ಟ್‌ವೇರಿನ ಕೆಲಸ. ಕೈ ಬದಲಾದರೆ ರುಚಿ ಬದಲಾಗುತ್ತದೆ. ಅಲ್ಲಾಡಬೇಡಿಯವರ ಹಳೆಯ ಸಾಫ್ಟ್‌ವೇರು ಈ ಫೈಲನ್ನು ನೋಡಿದ್ದೇ ಮುಖ ತಿರುಗಿಸಿತು. ಹೊಸದು ಆರಿಸಲೇಬೇಕಾಯಿತು. ಬುಧವಾರ ಬೆಳಿಗ್ಗೆ ಮೂರನ್ನು ಇಳಿಸಿಕೊಂಡರು: ಮೊದಲನೆಯದು ತಿಂಗಳ ಬಾಡಿಗೆಯದು, ಎರಡನೆಯದು ಒಂದೇ ಸಲ ಕೊಂಡುಕೊಳ್ಳುವುದು, ಮೂರನೆಯದು ಪುಕ್ಕಟೆಯದು. ಮೊದಲೆರಡನ್ನು ಕೆಲವು ದಿನ ದುಡ್ಡಿಲ್ಲದೆ ಬಳಸಿ ನೋಡಬಹುದಿತ್ತು.

ಬಾಡಿಗೆಯದು ಬಲು ಮರ್ಯಾದಸ್ಥ. ತೆರೆದ ಕೂಡಲೇ ಸ್ವಾಗತ ಕೋರಿತು, ‘ನಾನೇ ಮಾಡಿಕೊಡಲೇ?’ ಎಂದು ಒಂದು ಗುಂಡಿ ಮುಂದೆ ಮಾಡಿತು. ಒತ್ತಿದರು. ಕತ್ತಲೆಯ ಮುದ್ದೆಯೊಳಗಿಂದ ಅಕ್ಕನ ಮುಖ ಸಂಜೆಯ ಬೆಳಕಿನಲ್ಲಿ ಕೂತಂತೆ ಎದ್ದು ಬಂತು. ಹೆಂಡತಿ “ಅಯ್ಯೋ, ನಮ್ಮತ್ತಿಗೆ!” ಎಂದರು. ಆಮೇಲೆ ಇಬ್ಬರೂ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಕತ್ತಲೆಯ ಚಿತ್ರವನ್ನು ಬೆಳಗಿಸಿದಾಗ ಮರಳಿನಂತೆ ಏಳುವ ಚುಕ್ಕಿಗಳನ್ನು ಗುಡಿಸುವ ಭರದಲ್ಲಿ ಅದು ಮಚ್ಚೆಯನ್ನೂ ಗುಡಿಸಿ ಹಾಕಿತ್ತು. ಕೆನ್ನೆ ಮತ್ತೆ ತಟ್ಟೆ.

“ಇದಕ್ಕೆ ಯಾರು ಕಲಿಸಿದ್ದು?” ಎಂದರು ಹೆಂಡತಿ.

“ನನ್ನಂಥೋರೇ” ಎಂದರು ಅಲ್ಲಾಡಬೇಡಿಯವರು. ಮೂವತ್ತೊಂದು ವರ್ಷದ ತಮ್ಮ ವಿದ್ಯೆಯನ್ನು ಅದು ಒಂದು ಗುಂಡಿಯಲ್ಲಿ ಮುಗಿಸಿತ್ತು. ಬೇರೆ ದಿನವಾಗಿದ್ದರೆ ಹೊಟ್ಟೆ ಉರಿಯುತ್ತಿತ್ತೇನೋ. ಅಂದು ನಾಚಿಕೆಯಾಯಿತು. ಗುಡಿಸುವುದನ್ನು ನಿಲ್ಲಿಸುವ ಗುಂಡಿ ಎಲ್ಲೋ ಇದ್ದಿರಬೇಕು; ಅವರು ಹುಡುಕಲಿಲ್ಲ. ಕೇಳದೆ ಒರೆಸುವ ಕೈ ತಮ್ಮದೊಂದೇ ಸಾಕು ಎನ್ನಿಸಿತ್ತು.

ಎರಡನೆಯದು ಮಚ್ಚೆಯನ್ನು ಉಳಿಸಿತು, ಆದರೆ ಅವರ ಕ್ಯಾಮೆರಾದ ಪರಿಚಯ ಅದಕ್ಕೆ ಸರಿಯಾಗಿರಲಿಲ್ಲ. ಅಕ್ಕನ ಮುಖಕ್ಕೆ ಹಸಿರು ಬಳಿದು, ಮಚ್ಚೆಯನ್ನು ಪಾಚಿ ಮಾಡಿತು. ಗುರುವಾರವೆಲ್ಲ ಅದರೊಂದಿಗೆ ಗುದ್ದಾಡಿದರು. ಹಸಿರು ತೆಗೆದರೆ ಕೆಂಪು, ಕೆಂಪು ತೆಗೆದರೆ ಕಾಯಿಲೆ ಬಿದ್ದವರ ಹಳದಿ. ಆ ಹಳದಿಯನ್ನು ಅವರು ಅಕ್ಕನ ಕೊನೆಯ ವಾರದಲ್ಲಿ ಕಂಡಿದ್ದರು. ತಕ್ಷಣ ಮುಚ್ಚಿಬಿಟ್ಟರು.

ಪುಕ್ಕಟೆಯದು ಯಾರನ್ನೂ ಸ್ವಾಗತಿಸಲಿಲ್ಲ. ವಿಮಾನ ಹಾರಿಸುವವರ ಮುಂದಿರುವಷ್ಟು ಗುಂಡಿಗಳನ್ನು ಹರಡಿಕೊಂಡು ಸುಮ್ಮನೆ ಕೂತಿತ್ತು. ಫೈಲು ತೆರೆದರೆ ಕತ್ತಲೆಯ ಮುದ್ದೆಯನ್ನು ಕತ್ತಲೆಯ ಮುದ್ದೆಯಾಗಿಯೇ ತೋರಿಸಿತು.

“ಏನೂ ಮಾಡ್ಲಿಲ್ವಲ್ಲ ಇದು!” ಎಂದರು ಹೆಂಡತಿ.

“ನಾವು ಹೇಳೋ ತನಕ ಮಾಡಲ್ಲ.” ಹಾಗೆಂದವರು ಮಿಕ್ಕೆರಡನ್ನೂ ತೆಗೆದುಹಾಕಿದರು. “ಇದೇ ಇರಲಿ.”

ಶುಕ್ರವಾರವೆಲ್ಲ ಅದರ ಮುಂದೆ ಕೂತು, ಯಾವ ಗುಂಡಿ ಯಾವುದಕ್ಕೆ ಎಂದು ಒಂದೊಂದಾಗಿ ಕಲಿತರು. ಶನಿವಾರ ಮಧ್ಯಾಹ್ನ ಅಕ್ಕನ ಮಗಳು ಬಂದಳು. ಅಲ್ಲಾಡಬೇಡಿಯವರು ಬೆಳಕಿನ ಗುಂಡಿಯನ್ನು ಕೂದಲೆಳೆಯಷ್ಟೇ ಸರಿಸುತ್ತಾ ಹೋದರು. ಹಳೆಯ ಕತ್ತಲೆಕೋಣೆಯಲ್ಲಿ ದ್ರಾವಣದ ತಟ್ಟೆಯೊಳಗೆ ಕಾಗದದ ಮೇಲೆ ಮುಖ ಏಳುತ್ತಿದ್ದ ಹಾಗೆ, ಮೊದಲು ಡಬ್ಬಿಯ ಮುಚ್ಚಳದ ಹೊಳಪು, ಆಮೇಲೆ ಹಲ್ಲು, ಆಮೇಲೆ ಹಣೆ. ಎಲ್ಲದರ ಮೇಲೂ ಮರಳು ಎರಚಿದಂತಿತ್ತು. ಆ ಮರಳಿನ ನಡುವೆ, ಕಣ್ಣಿಗೆ ಎರಡು ಬೆರಳು ಕೆಳಗೆ, ಅದು ಇತ್ತು.

ಹುಡುಗಿ ಪರದೆಯ ಹತ್ತಿರಕ್ಕೆ ಬಂದು ಅದರ ಮೇಲೆ ಬೆರಳಿಟ್ಟಳು.

“ಬಣ್ಣ ಸರಿಯಿಲ್ಲಮ್ಮ” ಎಂದರು ಅಲ್ಲಾಡಬೇಡಿಯವರು. “ಇಲ್ಲಿ ಅಚ್ಚ ಬೂದು ಯಾವುದು ಅಂತ ನಾನು ತೋರಿಸಿದ್ರೆ, ಮಿಕ್ಕ ಬಣ್ಣಾನೆಲ್ಲ ಅದೇ ಸರಿಮಾಡಿಕೊಳ್ಳುತ್ತೆ. ಅಕ್ಕ ಹಾಕಿರೋ ಈ ಸ್ವೆಟರು ಬೂದು ಥರಾನೇ ಕಾಣುತ್ತೆ. ನೀಲಿ ಏನಾದ್ರೂ ಇತ್ತಾ ಅಂತ ನೆನಪಾಗ್ತಿಲ್ಲ.”

ಅವಳು ಕೈಚೀಲಕ್ಕೆ ಕೈಹಾಕಿ ಒಂದು ಸ್ವೆಟರನ್ನು ಹೊರತೆಗೆದಳು. ಮೊಣಕೈಯಲ್ಲಿ ಸವೆದಿತ್ತು. “ಇದೇ ಅದು. ನಾನೇ ಹಾಕ್ಕೋತೀನಿ ಈಗ.” ಹೆಂಡತಿ ಅದನ್ನು ಬಾಗಿಲ ಬಳಿಯ ಬೆಳಕಿಗೆ ಹಿಡಿದು ನೋಡಿ, “ಬೂದೀನೇ ಕಣ್ರೀ, ನೀಲಿ ಗೀಲಿ ಏನಿಲ್ಲ” ಎಂದರು. ಅಲ್ಲಾಡಬೇಡಿಯವರು ಪರದೆಯ ಸ್ವೆಟರಿನ ತೋಳಿನ ಮೇಲೆ ಒತ್ತಿದರು. ಚಿತ್ರ ಒಮ್ಮೆ ಕಣ್ಣು ಮಿಟುಕಿಸಿದಂತಾಗಿ, ಅಕ್ಕ ತನ್ನ ಬಣ್ಣಕ್ಕೆ ಬಂದಳು. ಮಚ್ಚೆ ಹುಣಿಸೆ ಬೀಜವಾಯಿತು.

ಉಳಿದದ್ದು ಮರಳು. ಅದನ್ನು ತಗ್ಗಿಸುವ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಸರಿಸಿದರು. ಹಣೆ ನಯವಾಯಿತು, ಕತ್ತು ನಯವಾಯಿತು. ಇನ್ನಷ್ಟು ಸರಿಸಿದಾಗ ಮಚ್ಚೆಯ ಅಂಚು ಕರಗತೊಡಗಿತು.

“ಮಾಮ, ಕೈ!” ಎಂದಳು ಹುಡುಗಿ, ಸೂಜಿ ಚುಚ್ಚುವಾಗ ರೋಗಿಗೆ ಗದರುವಂತೆ.

ಅವರು ಗುಂಡಿಯನ್ನು ಹಿಂದಕ್ಕೆ ತಂದು, ಸೊನ್ನೆಯಲ್ಲೇ ಬಿಟ್ಟು, ಬಲಗೈಯನ್ನು ಮೌಸಿನಿಂದ ತೆಗೆದು ತೊಡೆಯ ಕೆಳಗೆ ಹಾಕಿಕೊಂಡು ಕೂತರು. “ಎಡಗೈಯಲ್ಲಿ ಅಚ್ಚಿಗೆ ಕೊಡ್ತೀನಿ. ಅದಕ್ಕೆ ತಿದ್ದೋಕೆ ಬರಲ್ಲ” ಎಂದರು. ಹುಡುಗಿ ನಕ್ಕಳು. ನಗುವಾಗ ಮೇಲಿನ ತುಟಿ ಒಂದು ಕಡೆ ಏರಿತು. ಪರದೆಯಲ್ಲೂ ಅಕ್ಕನದು ಅದೇ ಕಡೆ ಏರಿತ್ತು.

ಪಕ್ಕದ ಅಂಗಡಿಯ ಚೌಕಟ್ಟು ಹಾಕುವವರು ಅಚ್ಚಾದ ಫೋಟೋ ನೋಡಿ ಹುಬ್ಬೇರಿಸಿದರು. “ಏನ್ರೀ ಅಲ್ಲಾಡಬೇಡಿ, ಕಣ್ಣು ಮಂಜಾಯ್ತಾ? ಮುಖದ ತುಂಬ ಮರಳು. ಕೆನ್ನೆ ಮೇಲೆ ಅದೇನೋ ಬಿಟ್ಟೇಬಿಟ್ಟಿದ್ದೀರಿ.”

“ಹೂಂ. ಬಿಟ್ಟಿದ್ದೀನಿ. ಗಾಜು ಜೋಪಾನವಾಗಿ ಹಾಕಿ.”

ಭಾನುವಾರ ಬೆಳಿಗ್ಗೆ ಹುಡುಗಿ ಆ ಚೌಕಟ್ಟನ್ನು ಸ್ವೆಟರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದಳು. ಕಿಟಕಿಯಿಂದ, “ಅಮ್ಮ ನಿಮ್ಮ ಮೇಲೆ ಯಾವತ್ತೂ ಸಿಟ್ಟು ಮಾಡ್ಕೊಂಡಿರಲಿಲ್ಲ ಮಾಮ” ಎಂದಳು. ಮಾಡಿಕೊಂಡಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವರಿಗೆ. ಮೊದಲನೇ ಫೋಟೋದ ದಿನವೇ ಕೆನ್ನೆಗೆ ಎರಡು ಬಿಟ್ಟಿದ್ದರೆ ಇನ್ನೂ ಚೆನ್ನಾಗಿತ್ತು.

ಮರುದಿನ ಸ್ಟೂಲಿನ ಮೇಲೆ ಒಬ್ಬ ಬಡಗಿ ಬಂದು ಕೂತ. ಗಲ್ಲದಡಿಯಲ್ಲಿ ಉಳಿ ಜಾರಿ ಆದ ಉದ್ದನೆಯ ಗಾಯದ ಕಲೆ. ಅಲ್ಲಾಡಬೇಡಿಯವರು “ಅಲ್ಲಾಡಬೇಡಿ” ಎಂದರು, ಗುಂಡಿ ಒತ್ತಿದರು, ಪರದೆಯ ಮೇಲೆ ಮುಖ ತಂದರು. ಕೈ ತಾನಾಗಿ ಹೊರಟಿತು. ಅದನ್ನು ಅರ್ಧದಲ್ಲಿ ನಿಲ್ಲಿಸಿ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕೇಳಿದರು: “ಈ ಕಲೆ ಇರಲಾ, ತೆಗೀಲಾ?”

ಬಡಗಿ ಅವರನ್ನು ವಿಚಿತ್ರವಾಗಿ ನೋಡಿದ. “ಇದೆಂಥ ಪ್ರಶ್ನೆ ಸಾರ್? ತೆಗೀರಿ! ಅದಕ್ಕೇ ಅಲ್ವಾ ಅಷ್ಟು ದೂರದಿಂದ ನಿಮ್ಮ ಹತ್ರ ಬಂದಿರೋದು?”

ತೆಗೆದರು. ಬಡಗಿ ಖುಷಿಯಾಗಿ ಲಕೋಟೆ ಹಿಡಿದುಕೊಂಡು ಹೋದ. ಗಾಯವಿದ್ದ ಮೂಲವನ್ನು ಅವರು ಅಳಿಸಲಿಲ್ಲ. ಒಂದು ಹೊಸ ಡಿಸ್ಕಿನಲ್ಲಿ ಎತ್ತಿಟ್ಟರು.

“ಹೀಗೆಲ್ಲ ಇಟ್ಕೊಂಡ್ರೆ ಜಾಗ ದಂಡ ಅಲ್ವೇನ್ರೀ?” ಎಂದರು ಹೆಂಡತಿ, ಬಹಳ ಮೆಲ್ಲಗೆ.

“ಇರಲಿ. ಅವನಿಗೂ ಮಕ್ಕಳಿದ್ದಾರಂತೆ.”