ಬಾಗಿಲು ತಟ್ಟದೆ ಕಟ್ಟಿದ ಮೀನು

ನನ್ನ ಭಾವ ಜೆಫೆರಿನೊ ಅವೆಲಾರ್ ಸೋಮಾರಿಯಲ್ಲ, ಆದರೆ ನೋಡಿದವರಿಗೆ ಹಾಗೇ ಕಾಣುತ್ತಿದ್ದ. ಬೆಳಗ್ಗೆಯಿಂದ ದೋಣಿಗಳಿಗೆ ಬಣ್ಣ ಬಳಿದು ಮನೆಗೆ ಬಂದವನು ಹಿತ್ತಿಲ ಮೆಟ್ಟಿಲ ಮೇಲೆ ಕೂತನೆಂದರೆ ಮುಗಿಯಿತು, ಎದುರಿನ ಉಪ್ಪುಹುಲ್ಲಿನ ಬಯಲು ನೋಡುತ್ತ ಕರಗಿಹೋಗುತ್ತಿದ್ದ. ಉಬ್ಬರ ಬಂದಾಗ ಹುಲ್ಲು ನೀರಿನ ಮೇಲೆ ತಲೆಯಷ್ಟೇ ಇಟ್ಟುಕೊಂಡು ನಿಲ್ಲುತ್ತಿತ್ತು. ಇಳಿತಕ್ಕೆ ಮತ್ತೆ ಕಾಲು ಕಾಣುತ್ತಿತ್ತು. ಅಮೆರಿಕದ ಈ ಕೇಪ್ ಕಾಡ್ ಕಡಲತೀರದಲ್ಲಿ ಹುಟ್ಟಿ ಬೆಳೆದ ನಮಗೆಲ್ಲ ಅದು ಬರೀ ಹುಲ್ಲು. ಅವನಿಗೆ ಮಾತ್ರ ಅದು ತೀರಿಹೋದ ನನ್ನ ಅಕ್ಕ.

"ಕೇಳಿಸ್ತೇನೇ?" ಅನ್ನುತ್ತಿದ್ದ. "ದಿಯೊಲಿಂಡಾ ಭಾನುವಾರ ಇಗರ್ಜಿಗೆ ತಡವಾಯ್ತು ಅಂತ ಓಡೋವಾಗ ಅವಳ ಲಂಗ ಥೇಟ್ ಹಿಂಗೇ ಸದ್ದು ಮಾಡ್ತಿತ್ತು."

"ಭಾವ, ಅದು ಗಾಳಿ. ಒಳಗೆ ಬಾ, ಸಾರು ಆರ್ತಿದೆ." ಪಕ್ಕದ ನನ್ನ ಮನೆಯಿಂದ ಅವನಿಗೆ ಸಾರು ತಂದುಕೊಡುತ್ತಿದ್ದವಳು ನಾನು.

"ನಿಂಗಿರೋದು ಕಿವಿಯಲ್ಲ ಮಾರಾಯ್ತಿ, ಓಲೆ ತೂಗುಹಾಕೋ ಗೂಟ."

ಅಕ್ಕ ಹೋದ ಮೇಲೆ ಅವನಿಗೆ ಉಳಿದದ್ದು ಆ ಸದ್ದು, ಮತ್ತೆ ಮೀನು. ಸಂಜೆ ತೊರೆಯ ಬಾಯಲ್ಲಿ ಗಾಳ ಹಾಕಿ ನಿಂತರೆ ತೋಳುದ್ದದ ಪಟ್ಟೆಮೀನು ಸಿಗುತ್ತಿದ್ದವು. ಒಂದನ್ನು ತಾನಿಟ್ಟುಕೊಂಡು ಉಳಿದವನ್ನು ಬೀದಿಯ ಬಾಗಿಲುಗಳಿಗೆ ಕಟ್ಟುತ್ತಿದ್ದ. ಕಿವಿರಿಗೆ ಹುರಿ ಪೋಣಿಸಿ, ಹಿಡಿಕೆಗೆ ಗಂಟು ಹಾಕಿ, ಸದ್ದಿಲ್ಲದೆ ಹೊರಟುಬಿಡಬೇಕು. ಬಾಗಿಲು ತಟ್ಟಿ ಕೊಟ್ಟರೆ ಅದು ದಾನ, ತಟ್ಟದೆ ಕಟ್ಟಿದರೆ ಬರೀ ಮೀನು. ನಮ್ಮ ಬೀದಿಯ ಹಳೆಯ ರೀತಿ ಅದು. ಆ ಮೀನಿಗೆ ಬೆಳ್ಳುಳ್ಳಿ, ವಿನೆಗರ್ ಹಚ್ಚಿ ಹುರಿದು ತಿಂದು ಇಡೀ ಬೀದಿ ಮೈತುಂಬಿಕೊಂಡಿತ್ತು. ನಾನೂ ಅಷ್ಟೇ.

ಆಮೇಲೆ ಹುಲ್ಲು ಸಾಯತೊಡಗಿತು. ಮೊದಲು ತೊರೆಯ ಅಂಚು ಬೋಳಾಯಿತು, ಮರುಬೇಸಿಗೆಗೆ ಒಳಬಯಲೂ. ದಂಡೆ ಜರಿದು ಕಪ್ಪು ಕೆಸರು ಬಾಯಿಬಿಟ್ಟಿತು. ಬಾಯಿಗೊಂದು ಮಾತು ಹುಟ್ಟಿತು: ಬೇಸಿಗೆಗೆ ಬರುವ ಸಾಹುಕಾರರ ಕಕ್ಕಸು ನೀರು, ಯಾವುದೋ ಬೂಷ್ಟು ರೋಗ, ದೋಣಿಯ ಬಣ್ಣದ ವಿಷ. ಬಣ್ಣದ ಮಾತು ಬಂದಾಗ ಭಾವ ತಲೆ ತಗ್ಗಿಸುತ್ತಿದ್ದ. ಗಾಳಿ ಬೀಸಿದರೂ ಬಯಲಿನಿಂದ ಒಂದು ಸದ್ದಿಲ್ಲ.

"ಅವಳು ಎರಡನೇ ಸಲ ಹೋದ್ಲು," ಎಂದ ಒಂದು ದಿನ, ತಟ್ಟೆಯ ಮುಂದೆ. ಗೇಲಿ ಮಾಡಲು ಬಾಯಿ ತೆರೆದವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ನನಗೂ ಅವಳು ಒಬ್ಬಳೇ ಅಕ್ಕ.

ಆ ಬೇಸಿಗೆಯಲ್ಲೇ ವಿಶ್ವವಿದ್ಯಾಲಯದಿಂದ ಕೋರಾ ಎಂಬ ಸಂಶೋಧಕಿ ಬಂದಳು. ತೊಡೆವರೆಗೆ ರಬ್ಬರ್ ಬೂಟು, ಬಿಸಿಲಿಗೆ ಸುಲಿದ ಮೂಗು. ಸತ್ತ ಹುಲ್ಲಿನ ಬುಡ ಕಿತ್ತು ತೋರಿಸಿದಳು. ಕತ್ತರಿ ಆಡಿಸಿದ ಹಾಗಿತ್ತು. ಬಿಲದಲ್ಲಿರುವ ನೇರಳೆ ಏಡಿ ಮೇಯುತ್ತಿದೆ ಎಂದಳು. ಏಡಿ ಒಳಬರದಂತೆ ಬಲೆ ಕಟ್ಟಿದ ಕಡೆ ಹುಲ್ಲು ಚಿಗುರಿತು ಕೂಡ.

"ಈ ಏಡಿ ನಮ್ಮಜ್ಜನ ಕಾಲದಿಂದ್ಲೂ ಇದೆಯಲ್ಲಮ್ಮ," ಎಂದ ಭಾವ. "ಆಗ ಅದಕ್ಕೆ ಹೊಟ್ಟೆ ಇರ್ಲಿಲ್ವಾ?"

"ನನ್ನ ಪ್ರಶ್ನೇನೂ ಅದೇ. ಬನ್ನಿ, ಏಡಿ ಕಟ್ಟಿಹಾಕಿ ನೋಡೋಣ."

ಏಡಿಗಳ ಬೆನ್ನಿಗೆ ದಾರ ಅಂಟಿಸಿ, ಗೂಟಕ್ಕೆ ಕಟ್ಟಿ, ಉಬ್ಬರಕ್ಕೆ ಬಿಡುವುದು. ಕೆಲವನ್ನು ನಮ್ಮ ತೊರೆಯಲ್ಲಿ, ಕೆಲವನ್ನು ಆಚೆ ತೊರೆಯಲ್ಲಿ. ಅಲ್ಲಿಗೆ ದಾರಿಯಿಲ್ಲ, ಯಾರೂ ಗಾಳ ಹಾಕುವುದಿಲ್ಲ. ಭಾವ ತನ್ನ ದೋಣಿಯಲ್ಲಿ ಅವಳನ್ನು ಕರೆದೊಯ್ದು ತಾನೇ ಗಂಟು ಹಾಕಿದ. ನಾನೂ ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ನೀರಿಳಿದಾಗ ಆಚೆ ತೊರೆಯ ಕೆಸರಿನ ಮೇಲೆ ಖಾಲಿ ದಾರಗಳಷ್ಟೇ ಬಿದ್ದಿದ್ದವು. ಏಡಿಗಳು ಮೀನಿನ ಹೊಟ್ಟೆ ಸೇರಿದ್ದವು. ಅಲ್ಲಿ ಹುಲ್ಲು ಸೊಂಟದೆತ್ತರ ನಿಂತಿತ್ತು. ನಮ್ಮ ತೊರೆಗೆ ಬಂದರೆ, ಕಟ್ಟಿದ ಏಡಿಗಳೆಲ್ಲ ಕಟ್ಟಿದಲ್ಲೇ ಇದ್ದವು. ಅದರಲ್ಲೊಂದು ನಿಶ್ಚಿಂತೆಯಿಂದ ಅಳಿದುಳಿದ ಹುಲ್ಲು ಮೆಲ್ಲುತ್ತಿತ್ತು.

"ಇವನ್ನ ತಿನ್ನೋ ಮೀನು ಇಲ್ಲಿ ಉಳಿದಿಲ್ಲ," ಎಂದಳು ಕೋರಾ. "ಯಾರೋ ಹಿಡಿದುಬಿಡ್ತಿದಾರೆ."

"ಯಾರೋ ಅಲ್ಲ. ನಾನು." ಭಾವ ನನ್ನ ಕಡೆ ತಿರುಗಿದ. "ಅವಳ ಲಂಗಾನ ನಾನೇ ಹರಿದು ಬಾಗಿಲು ಬಾಗಿಲಿಗೂ ಕಟ್ಟಿ ಬಂದೆ, ನೋಡು."

"ನೀನೊಬ್ಬನೇ ಅಲ್ಲ ಭಾವ. ತಿಂದೋರು ನಾವಿಲ್ವಾ?" ಎಂದೆ.

ಮರುದಿನ ಅವನು ಗಾಳ ಅಟ್ಟಕ್ಕೆಸೆದು ಬೀದಿಗಿಳಿದ. ಅವನು ಬಾಗಿಲು ತಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ತೊರೆಯ ಬಾಯಲ್ಲಿ ಮೀನು ಹಿಡಿಯಬೇಡಿ, ಹೊರಗಡಲಿಗೆ ಹೋಗಿ ಎಂದು ಪ್ರತಿ ಮನೆಯಲ್ಲೂ ಬೇಡಿಕೊಂಡ.

"ಕೈಯಲ್ಲಿ ಮೀನಿಲ್ಲ, ಗುರುತೇ ಸಿಗ್ಲಿಲ್ಲ," ಎಂದಳು ಮೂಲೆಮನೆಯ ಅರ್ಮಾಂಡಾ ಅಜ್ಜಿ. "ಹುಲ್ಲು ಉಳಿಸೋಕೆ ನಾವು ಹುಲ್ಲು ತಿನ್ಬೇಕೇನೋ ಹುಡುಗಾ?"

ಹೀಗೆ ಗೊಣಗಿದರೂ ಯಾರೂ ಇಲ್ಲ ಅನ್ನಲಿಲ್ಲ. ಅಷ್ಟು ವರ್ಷ ಅವನ ಮೀನು ತಿಂದ ಋಣ ಎಲ್ಲರ ಹೊಟ್ಟೆಯಲ್ಲೂ ಇತ್ತು.

ಆಮೇಲೆ ಬೇಸಿಗೆಗಳು ಒಂದರ ಹಿಂದೊಂದು ಬಂದುಹೋದವು. ಭಾವ ಅದೇ ಮೆಟ್ಟಿಲ ಮೇಲೆ ಬರೀ ಕೆಸರು ನೋಡುತ್ತ ಕೂರುತ್ತಿದ್ದ. ಕೆಸರಿಗೆ ಕಾವಲುಗಾರ ಎಂದು ಹುಡುಗರು ನಗುತ್ತಿದ್ದರು. ನನಗಂತೂ ಆ ಬೆನ್ನು ನೋಡಿದರೆ ಸಂಕಟವಾಗುತ್ತಿತ್ತು. ಕೊನೆಗೊಂದು ಮೇ ತಿಂಗಳು ದಂಡೆಯುದ್ದಕ್ಕೂ ಹಸಿರು ಮೊಳಕೆ ಕಂಡಾಗ ಕೋರಾ ಓಡಿಬಂದಳು. ಆದರೆ ಸುಳ್ಳು ಹೊಗಳಿಕೆ ಅವಳ ಜಾಯಮಾನದಲ್ಲಿರಲಿಲ್ಲ.

"ಪೂರ್ತಿ ಪುಣ್ಯ ನಿಮಗೇ ಬರೋಲ್ಲ. ಹೊರಗಿಂದ ಬಂತಲ್ಲ ಹಸಿರು ಏಡಿ, ಅದು ನೇರಳೆ ಏಡೀನ ಬಿಲದಿಂದ ಓಡಿಸ್ತಿದೆ. ಎಷ್ಟು ಪಾಲು ಮೀನಿಂದು, ಎಷ್ಟು ಅದರದ್ದು, ನಂಗಿನ್ನೂ ಗೊತ್ತಿಲ್ಲ."

ಹಸಿರು ಏಡಿ ನಮ್ಮ ಚಿಪ್ಪುಮೀನು ಕದಿಯುವ ಕಳ್ಳ. ಕಂಡಲ್ಲಿ ಮೆಟ್ಟಿ ಕೊಲ್ಲುವುದನ್ನು ನಮ್ಮ ಮಕ್ಕಳು ನಡೆಯುವ ಮೊದಲೇ ಕಲಿಯುತ್ತವೆ. ಭಾವ ತನ್ನ ಬೂಟನ್ನೇ ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಂದಿನಿಂದ ದಂಡೆಯ ಮೇಲೆ ಹಸಿರು ಏಡಿ ತುಳಿಯದಂತೆ ಕಾಲು ನೋಡಿಕೊಂಡೇ ನಡೆಯುತ್ತಾನೆ.

ಮುಂದಿನ ವರ್ಷ ಆಗಸ್ಟ್‌ನ ಒಂದು ಭಾನುವಾರ ಬೆಳಗ್ಗೆ ಬಾಗಿಲು ತೆರೆದರೆ ಹಿಡಿಕೆಗೆ ಅದೇ ಹಳೆಯ ಮೀನಿನ ಹುರಿ, ಅದೇ ಗಂಟು. ತಟ್ಟಿದ ಸದ್ದು ಕೇಳಿರಲಿಲ್ಲ. ಮೀನಿನ ಜಾಗದಲ್ಲಿ ಉಪ್ಪುಹುಲ್ಲಿನ ಒಂದು ದಂಟು ಕಟ್ಟಿತ್ತು.

ಅದನ್ನು ಹಿಡಿದುಕೊಂಡೇ ಅವನ ಹಿತ್ತಿಲಿಗೆ ನಡೆದೆ. "ಇದನ್ನ ಹೆಂಗೆ ಹುರೀಲಿ ಭಾವ? ಬೆಳ್ಳುಳ್ಳಿ ಹಾಕ್ಲಾ ಬೇಡ್ವಾ?"

ಅವನು ತುಟಿಯ ಮೇಲೆ ಬೆರಳಿಟ್ಟ. ಕಡಲಿನಿಂದ ಗಾಳಿ ಎದ್ದು ಬಯಲಿಗೆ ಬಂತು. ಗೂಟದ ಕಿವಿಯವಳಾದ ನನಗೂ ಕೇಳಿಸಿತು: ಅಕ್ಕ ಎಂದಿನಂತೆ ತಡಮಾಡಿಕೊಂಡು ಇಗರ್ಜಿಗೆ ಓಡುತ್ತಿದ್ದಳು.

ನಾನು ಅವನ ಪಕ್ಕದಲ್ಲಿ ಕೂತೆ. ಆ ದಿನ ಸಾರು ಆರಿಹೋಯಿತು.